ಕರೋಲ್ ಬಾಗಿನ ಮನೆ ನಂಬರ್ 16/330



ಈ ಸಲ ಒಂದು ವಿಳಾಸದಿಂದ ಮಾತು ಶುರು ಮಾಡೋಣ. 16/330, ಖಜೂರ್ ರೋಡ್, ಕರೋಲ್ ಬಾಗ್, ದೆಹಲಿ. ದೆಹಲಿಯಲ್ಲಿರುವ ನಮ್ಮ ಕೇಳುಗರಿಗೆ ಕರೋಲ್ ಬಾಗ್ ಹೊಸದಲ್ಲ. ಅಜ್ಮಲ್ ಖಾನ್ ರೋಡಿನಲ್ಲಿ ಸ್ವೆಟರ್‌ಗೆ ಚೌಕಾಸಿ ಮಾಡಿದವರು, ಗಫಾರ್ ಮಾರ್ಕೆಟ್ಟಿನಲ್ಲಿ ಮೊಬೈಲ್ ರಿಪೇರಿ ಮಾಡಿಸಿದವರು ನಿಮ್ಮಲ್ಲೇ ಎಷ್ಟೋ ಜನ ಇದ್ದೀರಿ. ಸರ್ಕಾರಿ ನೌಕರಿ ಹಿಡಿದು ರೈಲು ಹತ್ತಿ ಬಂದ ಹಿಂದಿನ ತಲೆಮಾರಿನ ದಕ್ಷಿಣದವರು ಬಾಡಿಗೆ ಮನೆ ಹುಡುಕುತ್ತಿದ್ದದ್ದೂ ಇದೇ ಕಡೆ. ಅಂಥ ಗಿಜಿಗುಡುವ ಜಾಗದಲ್ಲಿ ಒಂದು ಹಳೇ ಬಂಗಲೆ. ಆ ಬಂಗಲೆಯಲ್ಲಿ ನಾಲ್ಕು ಜನ ಗೆಳೆಯರು ವರ್ಷಗಟ್ಟಲೆ ಕೂತು ನುಡಿಸಿದರು, ಹಾಡಿದರು, ಜಗಳವಾಡಿದರು, ಮತ್ತೆ ನುಡಿಸಿದರು. 2010ರಲ್ಲಿ ಅವರ ಹೊಸ ಆಲ್ಬಮ್ ಬಂದಾಗ ಅದಕ್ಕೆ ಇಟ್ಟ ಹೆಸರು ಬೇರೆ ಏನೂ ಅಲ್ಲ, ಆ ಮನೆಯ ವಿಳಾಸವೇ: '16/330 ಖಜೂರ್ ರೋಡ್'.

ತಂಡದ ಹೆಸರು ಇಂಡಿಯನ್ ಓಷನ್. ಆ ಆಲ್ಬಮ್ ಹೊರಬರುವ ಹೊತ್ತಿಗೆ ನಾಲ್ವರಲ್ಲಿ ಒಬ್ಬರು ಬದುಕಿರಲಿಲ್ಲ. ತಂಡ ಕಟ್ಟಿದ ಇಬ್ಬರಲ್ಲಿ ಒಬ್ಬರಾದ, ಆ ದನಿ ಇಲ್ಲದೆ ತಂಡವನ್ನು ನೆನಪಿಸಿಕೊಳ್ಳುವುದೇ ಕಷ್ಟ ಎನ್ನುವಂತಿದ್ದ ಅಶೀಮ್ ಚಕ್ರವರ್ತಿ 2009ರ ಡಿಸೆಂಬರ್ 25ರಂದು ತೀರಿಕೊಂಡಿದ್ದರು. ಒಂದು ಹೊಸ ಆಲ್ಬಮ್ಮಿನ ಮೇಲೆ ಕೇಳುಗರು ಎಷ್ಟೆಲ್ಲ ಭಾರ ಹೊರಿಸಬಹುದೋ ಅಷ್ಟೂ ಭಾರ ಅದರ ಮೇಲಿತ್ತು. ಅದು ಆ ಭಾರವನ್ನು ಹೇಗೆ ಹೊತ್ತಿತು ಎಂಬುದೇ ಈ ಬರಹದ ಕಥೆ. ಅದಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು 'ಇಂಡಿ' ಎಂಬ ಮಾತು. ಇಂಡಿಪೆಂಡೆಂಟ್ ಎಂಬುದರ ಗಿಡ್ಡ ರೂಪ ಅದು. ಸಿನಿಮಾದ ಹಂಗಿಲ್ಲದೆ, ದೊಡ್ಡ ಕಂಪನಿಯ ಅಪ್ಪಣೆಗೆ ಕಾಯದೆ ತಮ್ಮ ಹಾಡು ತಾವೇ ಕಟ್ಟಿ ಹಾಡುವವರು. ಕೇಳಿದರೆ ಏನೋ ಪರದೇಶದ ಸರಕು ಅನ್ನಿಸಬಹುದು. ಆದರೆ ಸಿನಿಮಾದ ಹೊರಗೂ ಹಾಡು ಬದುಕುತ್ತದೆ ಎಂಬುದು ನಮಗೆ ಕನ್ನಡಿಗರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಆಮೇಲೆ ಅಶ್ವಥ್ ಹಾಡಿದ ಶಿಶುನಾಳ ಷರೀಫರ ತತ್ವಪದಗಳು ಮನೆಮನೆಯ ಟೇಪ್ ರೆಕಾರ್ಡರಿನಲ್ಲಿ ತಿರುಗಿದವು. ತೆರೆಯ ಮೇಲೆ ನಾಯಕ ನಾಯಕಿ ಇಲ್ಲದೆಯೂ ಹಾಡು ಗೆಲ್ಲುತ್ತದೆ ಎಂದು ಕಂಡವರು ನಾವು. ಆದರೆ ಹಿಂದಿಯ ರಾಜಧಾನಿಯಲ್ಲಿ, ಬಾಲಿವುಡ್ಡಿನ ನೆರಳಿನಲ್ಲಿ ಅದು ಅಷ್ಟು ಸುಲಭವಾಗಿರಲಿಲ್ಲ.

ಎಂಬತ್ತರ ದಶಕದಲ್ಲಿ ದೆಹಲಿಯಲ್ಲಿ ಸುಷ್ಮಿತ್ ಸೇನ್ ಎಂಬ ಗಿಟಾರ್ ವಾದಕ, ಅಶೀಮ್ ಚಕ್ರವರ್ತಿ ಎಂಬ ಗಾಯಕ ಜೊತೆಯಾಗಿ ನುಡಿಸತೊಡಗಿದರು. 1990ರಲ್ಲಿ ಅದು ತಂಡವಾಯಿತು. 1991ರಲ್ಲಿ ಬೇಸ್ ಗಿಟಾರಿಗೆ ರಾಹುಲ್ ರಾಮ್ ಬಂದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷವಿಜ್ಞಾನದಲ್ಲಿ ಪಿಎಚ್‌.ಡಿ ಮಾಡಿ ಬಂದು, ನರ್ಮದಾ ಬಚಾವೋ ಆಂದೋಲನದಲ್ಲಿ ಓಡಾಡುತ್ತಿದ್ದ ಮನುಷ್ಯ ಅವರು. 1994ರಲ್ಲಿ ಡ್ರಮ್ಸ್‌ಗೆ ಹುಡುಗ ಅಮಿತ್ ಕಿಲಮ್ ಸೇರಿದಾಗ ಮುಂದೆ ಹದಿನೈದು ವರ್ಷ ಮುರಿಯದ ನಾಲ್ವರ ಕೂಟ ಪೂರ್ತಿಯಾಯಿತು.

ಈ ನಾಲ್ವರ ಸಂಗೀತ ಎಂಥದ್ದು ಎಂದು ಕೇಳುತ್ತೀರಾ? ಸುಷ್ಮಿತ್ ಗಿಟಾರ್ ಹಿಡಿದರೂ ಬೆರಳು ಹಿಂದೂಸ್ತಾನಿ ರಾಗದ ದಾರಿಯಲ್ಲಿ ನಡೆಯುತ್ತಿತ್ತು. ಅಶೀಮ್ ಕೆಳಗೆ ಚಕ್ಕಳಮಕ್ಕಳ ಕೂತು ತಬಲಾ ನುಡಿಸುತ್ತಲೇ ಹಾಡುತ್ತಿದ್ದರು. ತಾಳ ಒಂದು ಕಡೆ, ಆಲಾಪ ಇನ್ನೊಂದು ಕಡೆ, ಎರಡಕ್ಕೂ ಒಬ್ಬರೇ ಯಜಮಾನರು. ಅಮಿತ್ ಡ್ರಮ್ಸ್ ಬಿಟ್ಟು ಆಗಾಗ ಗಬ್‌ಗುಬಿ ಎತ್ತಿಕೊಳ್ಳುತ್ತಿದ್ದರು. ಬಂಗಾಳದ ಬಾವುಲರ ವಾದ್ಯ ಅದು. ನೀವು ಉತ್ತರ ಕರ್ನಾಟಕದವರಾದರೆ ಎಲ್ಲಮ್ಮನ ಪದ ಹಾಡುವವರ ಬಗಲಿನ ಚೌಡಿಕೆ ನೆನಪು ಮಾಡಿಕೊಳ್ಳಿ, ಗಬ್‌ಗುಬಿ ಅದರ ದಾಯಾದಿ. ತಂತಿ ಎಳೆದಾಗ, ಸಡಿಲ ಬಿಟ್ಟಾಗ ಮಾತಾಡಿದ ಹಾಗೆ ಕೇಳುತ್ತದೆ.

ಇನ್ನೊಂದು ವಿಶೇಷ ಇದೆ. ಸಿನಿಮಾದಲ್ಲಿ ಸಂಗೀತ ನಿರ್ದೇಶಕ ಟ್ಯೂನ್ ಕೊಡುತ್ತಾನೆ, ಉಳಿದವರು ನುಡಿಸುತ್ತಾರೆ. ಇವರಲ್ಲಿ ಆ ಪದ್ಧತಿಯೇ ಇರಲಿಲ್ಲ. ನಾಲ್ವರೂ ಕೂತು ನುಡಿಸುತ್ತಾ ಹೋಗುವುದು. ಒಬ್ಬರು ಎತ್ತಿದ ಸ್ವರವನ್ನು ಇನ್ನೊಬ್ಬರು ಹಿಡಿಯುವುದು, ಮತ್ತೊಬ್ಬರು ತಿರುಗಿಸುವುದು. ಊರಿನ ಅರಳಿಕಟ್ಟೆಯಲ್ಲಿ ಮಾತು ಎಲ್ಲಿಂದಲೋ ಶುರುವಾಗಿ ಎಲ್ಲಿಗೋ ಹೋಗುತ್ತದಲ್ಲ, ಹಾಗೆ. ಹೀಗೆ ಹಾಡು ಕಟ್ಟಲು ಎರಡು ಸಂಗತಿ ಬೇಕು. ಒಂದು, ಬೇಕಾದಷ್ಟು ಸಮಯ. ಎರಡು, ಯಾರೂ ಎಬ್ಬಿಸಿ ಕಳಿಸದ ಜಾಗ. ಕರೋಲ್ ಬಾಗಿನ ಬಂಗಲೆ ಕೊಟ್ಟದ್ದು ಇವೆರಡನ್ನೂ.

ಈಗ ನಿರೀಕ್ಷೆಯ ವಿಷಯಕ್ಕೆ ಬರೋಣ. 1993ರಲ್ಲಿ ಎಚ್‌ಎಂವಿಯಿಂದ ಮೊದಲ ಆಲ್ಬಮ್ ಬಂದಾಗ ಇವರ ಮೇಲೆ ಯಾರಿಗೂ ನಿರೀಕ್ಷೆ ಇರಲಿಲ್ಲ. ಅದು ಹೊಸಬರಿಗೆ ಸಿಗುವ ದೊಡ್ಡ ಸೌಕರ್ಯ. ಎರಡನೆಯ ಆಲ್ಬಮ್ 'ಡೆಸರ್ಟ್ ರೇನ್' ಸ್ಟುಡಿಯೋದಲ್ಲಿ ಆದದ್ದಲ್ಲ. 1997ರ ಜನವರಿ 1ರಂದು ದೆಹಲಿಯಲ್ಲಿ, ಸಫ್ದರ್ ಹಾಶ್ಮಿ ನೆನಪಿನ ಕಾರ್ಯಕ್ರಮದಲ್ಲಿ ನುಡಿಸಿದ್ದರ ನೇರ ಧ್ವನಿಮುದ್ರಣ ಅದು. 1989ರ ಅದೇ ಜನವರಿ 1ರಂದು ಬೀದಿ ನಾಟಕ ಆಡುತ್ತಿದ್ದಾಗ ಹಾಶ್ಮಿ ಅವರ ಮೇಲೆ ಹಲ್ಲೆಯಾಗಿತ್ತು, ಮರುದಿನ ಅವರು ತೀರಿಕೊಂಡಿದ್ದರು. ಖರ್ಚು ಮಾಡಿ ಹೊಳಪು ಕೊಡುವ ಕಾಲದಲ್ಲಿ, ಬಯಲಿನಲ್ಲಿ ನುಡಿಸಿದ್ದನ್ನೇ ಹಾಗೇ ಕೊಟ್ಟದ್ದು ಈ ತಂಡದ ಸ್ವಭಾವವನ್ನು ಹೇಳುತ್ತದೆ.

ಆಮೇಲೆ 2000ದಲ್ಲಿ ಟೈಮ್ಸ್ ಮ್ಯೂಸಿಕ್ ಹೊರತಂದ 'ಕಂದೀಸಾ' ಬಂತು. ಅಲ್ಲಿಂದ ಮುಂದೆ ಈ ತಂಡಕ್ಕೆ ಆ ಹಳೆಯ ಸೌಕರ್ಯ ಇರಲಿಲ್ಲ!

'ಕಂದೀಸಾ' ಕೇಳಿದ್ದೀರಲ್ಲ? ಕೇರಳದ ಸಿರಿಯನ್ ಕ್ರೈಸ್ತರು ಶತಮಾನಗಳಿಂದ ಹಾಡಿಕೊಂಡು ಬಂದ ಸಿರಿಯಾಕ್ ಭಾಷೆಯ ಪ್ರಾರ್ಥನೆ. 'ಪವಿತ್ರ' ಎಂದು ಆ ಮಾತಿನ ಅರ್ಥ. ಏಸುವಿನ ಕಾಲದ ಆರಮಾಯಿಕ್ ಮನೆತನದ ಭಾಷೆ ಅದು. ಕೇಳಿದ ಹುಡುಗರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ಒಂದು ಪದವೂ ಅರ್ಥವಾಗುವಂತಿರಲಿಲ್ಲ. ಆದರೂ ಕಾಲೇಜು ಉತ್ಸವಗಳಲ್ಲಿ ಸಾವಿರಾರು ಜನ ಒಟ್ಟಿಗೆ ದನಿಗೂಡಿಸಿದರು. ಅದೇ ಆಲ್ಬಮ್ಮಿನಲ್ಲಿ ನರ್ಮದಾ ಕಣಿವೆಯಿಂದ ಬಂದ 'ಮಾ ರೇವಾ' ಇತ್ತು. ಗೋರಖ್ ಪಾಂಡೆ ಬರೆದ ಭೋಜಪುರಿ ಹೋರಾಟದ ಹಾಡು 'ಹಿಲ್ಲೇಲೇ' ಇತ್ತು. ಚರ್ಚು, ಹೊಳೆ, ಹೋರಾಟ ಎಲ್ಲವೂ ಒಂದೇ ಕ್ಯಾಸೆಟ್ಟಿನಲ್ಲಿ.

ಆ ಹೊತ್ತಿನ ಮಾರುಕಟ್ಟೆಯನ್ನು ನೆನಪು ಮಾಡಿಕೊಳ್ಳಿ. 1995ರ 'ಮೇಡ್ ಇನ್ ಇಂಡಿಯಾ' ನಂತರ ಇಂಡಿಪಾಪ್ ಅಲೆ ಎದ್ದು, ಎಂಟಿವಿ ಮತ್ತು ಚಾನೆಲ್ ವಿ ದಿನವಿಡೀ ಬಣ್ಣಬಣ್ಣದ ವಿಡಿಯೋ ತೋರಿಸುತ್ತಿದ್ದ ಕಾಲ. ಖಾಸಗಿ ಎಫ್‌ಎಂ ಇನ್ನೂ ಬಂದಿರಲಿಲ್ಲ. ನಮ್ಮ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು 2001ರ ಜುಲೈನಲ್ಲಿ. ಅಂಥ ದಿನಗಳಲ್ಲಿ ಆರೇಳು ನಿಮಿಷ ನಿಧಾನವಾಗಿ ಬಿಚ್ಚಿಕೊಳ್ಳುವ ಹಾಡುಗಳು ಗೆದ್ದವು. ಇಂಡಿಪಾಪ್ ಅಲೆ ಕೆಲವೇ ವರ್ಷಗಳಲ್ಲಿ ಇಳಿದುಹೋಯಿತು, ಈ ಹಾಡುಗಳು ಉಳಿದವು.

2003ರಲ್ಲಿ 'ಝೀನಿ' ಬಂತು. ಅದರ ಹೆಸರಿನ ಹಾಡು ಕಬೀರನದು, ಬಟ್ಟೆ ನೇಯುತ್ತಲೇ ದೇಹವನ್ನು ನವಿರಾದ ಬಟ್ಟೆ ಎಂದು ಕಂಡವನದು. ನೇಕಾರ ಜೇಡರ ದಾಸಿಮಯ್ಯನ ವಚನ ಓದಿದ ನಮಗೆ ಮಗ್ಗದ ಮುಂದೆ ಕೂತ ಅನುಭಾವಿ ಹೊಸಬನಲ್ಲ. ಆಮೇಲೆ ಅನುರಾಗ್ ಕಶ್ಯಪ್ ಅವರ 'ಬ್ಲ್ಯಾಕ್ ಫ್ರೈಡೇ' ಸಿನಿಮಾಗೆ ಸಂಗೀತ. 1993ರ ಮುಂಬೈ ಸ್ಫೋಟಗಳ ಕುರಿತ ಆ ಚಿತ್ರ 2005ರಲ್ಲಿ ತೆರೆಗೆ ಬರಬೇಕಿತ್ತು. ನ್ಯಾಯಾಲಯದ ತಡೆಯಿಂದಾಗಿ ಬಂದದ್ದು 2007ರ ಫೆಬ್ರವರಿಯಲ್ಲಿ. ಚಿತ್ರ ಡಬ್ಬದಲ್ಲಿ ಕೂತಿದ್ದಾಗಲೇ ಪಿಯೂಷ್ ಮಿಶ್ರಾ ಬರೆದ 'ಬಂದೇ' ಹಾಡು ಮಾತ್ರ ಊರೂರು ಸುತ್ತಿತು. ಮುಂಬೈನ ನಮ್ಮ ಕೇಳುಗರಿಗೆ ಆ ಹಾಡು ಬರೀ ಹಾಡಾಗಿ ಕೇಳಿಸಿರಲಿಕ್ಕಿಲ್ಲ.

ಇಷ್ಟಾದ ಮೇಲೆ ಏನಾಗುತ್ತದೆ? ಕಾರ್ಯಕ್ರಮಕ್ಕೆ ಹೋದರೆ ಜನ ಕೂಗುವುದು 'ಕಂದೀಸಾ... ಕಂದೀಸಾ...' ಎಂದು. ಹೊಸದೇನಿದೆ ಎಂದು ಕೇಳುವವರೂ ಒಳಗೊಳಗೆ ಬಯಸುವುದು ಹಳೆಯದನ್ನೇ ಇನ್ನೊಂದು ಸಲ. 'ಝೀನಿ' ಆದಮೇಲೆ ಏಳು ವರ್ಷ, ಆ ಸಿನಿಮಾ ಕೆಲಸ ಬಿಟ್ಟರೆ, ತಂಡದ ಸ್ವಂತ ಆಲ್ಬಮ್ ಬರಲಿಲ್ಲ. ಕಾದವರ ಆಸೆ ಬೆಳೆಯುತ್ತಲೇ ಹೋಯಿತು.

ಹಾಡುಗಳು ಸಿದ್ಧವಾದವು. ಅಶೀಮ್ ದನಿಯೂ ಸೇರಿ ರೆಕಾರ್ಡಿಂಗ್ ಆಗಿತ್ತು. ಅಷ್ಟರಲ್ಲಿ 2009ರ ಕೊನೆಯಲ್ಲಿ ಅವರಿಗೆ ಹೃದಯಾಘಾತವಾಯಿತು. ಕೆಲವು ವಾರಗಳ ಹೋರಾಟದ ನಂತರ ಕ್ರಿಸ್‌ಮಸ್ ದಿನ ಅಶೀಮ್ ಹೋದರು.

ಮಿತ್ರರೇ, ಉಳಿದ ಮೂವರ ಮುಂದೆ ಇದ್ದ ದಾರಿಗಳನ್ನು ಒಮ್ಮೆ ಯೋಚಿಸಿ. ಆಲ್ಬಮ್ಮನ್ನು 'ಅಶೀಮ್‌ಗೆ ನಮನ' ಎಂದು ಕರೆದು ಮುಖಪುಟಕ್ಕೆ ಅವರ ಚಿತ್ರ ಹಾಕಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಸಾವಿನ ಸುದ್ದಿಯ ಬಿಸಿ ಆರುವ ಮುಂಚೆ ಅಂಗಡಿಗೆ ಬಿಟ್ಟಿದ್ದರೆ ಚೆನ್ನಾಗಿ ಮಾರಾಟವೂ ಆಗುತ್ತಿತ್ತು. ಕೇಳುಗರೂ ಕಣ್ಣೊರೆಸಿಕೊಂಡು, ಚೆನ್ನಾಗಿದೆ ಎನ್ನುತ್ತಿದ್ದರು. ದುಃಖದಲ್ಲಿರುವಾಗ ನಾವು ಯಾರನ್ನೂ ವಿಮರ್ಶೆ ಮಾಡುವುದಿಲ್ಲ.

ಅವರು ಮಾಡಿದ್ದು ಬೇರೆ. 2010ರ ಜುಲೈನಲ್ಲಿ 'ಚಾಂದ್' ಎಂಬ ಮೊದಲ ಹಾಡನ್ನು ತಮ್ಮ ವೆಬ್‌ಸೈಟಿನಲ್ಲಿ ಬಿಟ್ಟರು. ಬೆಲೆ? ಏನೂ ಇಲ್ಲ, ಪುಕ್ಕಟೆ! ಆಮೇಲೆ ತಿಂಗಳಿಗೊಂದರಂತೆ ಉಳಿದ ಹಾಡುಗಳು, ಒಟ್ಟು ಏಳು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಗೆಳೆಯರಿಗೆ ಕೊಡಬಹುದು.

ಈ ನಡೆ ಹೊರಗಿನ ಪ್ರಪಂಚದಲ್ಲಿ ಪೂರ್ತಿ ಹೊಸದೇನಲ್ಲ. 2007ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ರೇಡಿಯೋಹೆಡ್ ತಂಡ 'ಇನ್ ರೇನ್‌ಬೋಸ್' ಆಲ್ಬಮ್ಮನ್ನು ಇಂಟರ್‌ನೆಟ್ಟಿನಲ್ಲಿ ಬಿಟ್ಟು, ನಿಮಗೆ ತೋಚಿದಷ್ಟು ಕೊಡಿ ಎಂದಿತ್ತು. ಆದರೆ ನಮ್ಮ ದೇಶದಲ್ಲಿ ಇಷ್ಟು ಹೆಸರು ಮಾಡಿದ ತಂಡ, ಇಷ್ಟು ಕಾದ ಆಲ್ಬಮ್ಮನ್ನು ಕೈಯೆತ್ತಿ ಕೊಟ್ಟದ್ದು ಸಣ್ಣ ಮಾತಲ್ಲ. ಆಗ ಇಂಟರ್‌ನೆಟ್ಟಿನ ಸ್ಥಿತಿ ಹೇಗಿತ್ತು ಗೊತ್ತಲ್ಲ? 256 ಕೆಬಿಪಿಎಸ್ ವೇಗಕ್ಕೇ ಸರ್ಕಾರಿ ಲೆಕ್ಕದಲ್ಲಿ 'ಬ್ರಾಡ್‌ಬ್ಯಾಂಡ್' ಎಂಬ ದೊಡ್ಡ ಹೆಸರು. ಎಂಟು ನಿಮಿಷದ ಒಂದು ಎಂಪಿ3 ಹಾಡು ಇಳಿಯಲು, ಲೈನು ನೆಟ್ಟಗಿದ್ದರೆ ನಾಲ್ಕು ನಿಮಿಷ. ಇಲ್ಲದಿದ್ದರೆ ಒಂದು ಲೋಟ ಕಾಫಿ ಮಾಡಿಕೊಂಡು ಬರಬಹುದಿತ್ತು. ಆದರೂ ಜನ ಇಳಿಸಿಕೊಂಡರು, ಪೆನ್‌ಡ್ರೈವಿನಲ್ಲಿ ಹಂಚಿದರು.

ಪುಕ್ಕಟೆ ಕೊಟ್ಟರೆ ಹೊಟ್ಟೆಪಾಡು? ಇಲ್ಲಿ ವ್ಯವಹಾರದ ಒಂದು ಲೆಕ್ಕವೂ ಇದೆ. ಸಿನಿಮಾದ ಆಚೆಗಿನ ತಂಡಗಳು ನಮ್ಮಲ್ಲಿ ಬದುಕುತ್ತಿದ್ದದ್ದು ಕ್ಯಾಸೆಟ್, ಸಿಡಿಗಳ ಪಾಲಿನಿಂದ ಅಷ್ಟಾಗಿ ಅಲ್ಲ, ವೇದಿಕೆಯ ಕಾರ್ಯಕ್ರಮಗಳಿಂದ. ಹಾಡು ಹೆಚ್ಚು ಕಿವಿ ಮುಟ್ಟಿದಷ್ಟೂ ಹೆಚ್ಚು ಊರುಗಳಿಂದ ಕರೆ. ಹಾಗಾಗಿ ಕೊಟ್ಟದ್ದು ಪೂರ್ತಿ ಕಳೆದುಹೋಗುವುದಿಲ್ಲ. ಆದರೆ ಹಾಗೆ ಕೊಡಬೇಕಾದರೆ ಹಾಡು ಮೊದಲು ನಿಮ್ಮ ಕೈಯಲ್ಲಿರಬೇಕು. ಆ ಕಾಲದಲ್ಲಿ ಹಾಡು ಕಟ್ಟಿದವರೇ ಹಕ್ಕನ್ನೆಲ್ಲ ಒಮ್ಮೆಗೇ ಬರೆದುಕೊಟ್ಟು ಕೈತೊಳೆದುಕೊಳ್ಳುವುದು ವಾಡಿಕೆಯಾಗಿತ್ತು. ಸಿನಿಮಾ ಹಾಡಿನ ಸಂಗೀತಗಾರರು, ಗೀತ ರಚನೆಕಾರರು ತಮ್ಮ ರಾಯಲ್ಟಿಯನ್ನು ಹಾಗೆ ಬರೆದುಕೊಡದಂತೆ ಕಾನೂನು ತಿದ್ದುಪಡಿಯಾದದ್ದು 2012ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಈ ತಂಡ, ಹಾಡು ನಮ್ಮದು, ಯಾರಿಗೆ ಹೇಗೆ ಕೊಡಬೇಕೆಂದು ನಾವೇ ತೀರ್ಮಾನಿಸುತ್ತೇವೆ ಎಂದು ಮಾಡಿ ತೋರಿಸಿತು. ಇಂಡಿ ಎಂಬ ಮಾತಿಗೆ ಇದಕ್ಕಿಂತ ನೇರ ಅರ್ಥ ಬೇಕೆ?

ಸರಿ, ಹಾಡುಗಳು ಹೇಗಿವೆ? ನಿರೀಕ್ಷೆಯನ್ನು ಮುಟ್ಟಿದವೋ ಇಲ್ಲವೋ? ನಿಜ ಹೇಳಬೇಕೆಂದರೆ, 'ಕಂದೀಸಾ' ಥರ ಮೊದಲ ಸಲಕ್ಕೇ ಎದೆಗೆ ನಾಟುವ ಒಂದು ಹಾಡನ್ನು ಇದರಲ್ಲಿ ಹುಡುಕಿದರೆ ನಿಮಗೆ ನಿರಾಸೆ ಆಗಬಹುದು. ಎರಡನೆಯ ಸಲ, ಮೂರನೆಯ ಸಲ ಕೇಳಿದಾಗ ತೆರೆದುಕೊಳ್ಳುವ ಆಲ್ಬಮ್ ಇದು. ಹಿಂದಿ ಇದೆ, ಉರ್ದು ಇದೆ, ಬಂಗಾಳಿಯ 'ಬೊಂಧು' ಇದೆ. ಬೊಂಧು ಎಂದರೆ ಗೆಳೆಯ. 'ದರ್‌ತೇ ಹೋ' ಹಾಡಿನ ಮಾತು ಉರ್ದುವಿನ ನವ್ಯ ಕವಿ ನೂನ್ ಮೀಮ್ ರಾಶಿದ್ ಅವರದು. ಬದುಕಿಗೆ ಹೆದರುವ ಮನುಷ್ಯನನ್ನು ಎದುರು ನಿಲ್ಲಿಸಿ ಮಾತಾಡಿಸುವ ಕವಿತೆ. 1910ರಲ್ಲಿ ಹುಟ್ಟಿದ ಕವಿಗೆ ಅದು ನೂರರ ವರ್ಷವೂ ಹೌದು. ಅದೇ ವರ್ಷ ಆಗಸ್ಟಿನಲ್ಲಿ ಬಂದ 'ಪೀಪ್ಲಿ ಲೈವ್' ಚಿತ್ರದಲ್ಲೂ ಈ ಹಾಡು ಕೇಳಿಸಿತು.

ಇದರಲ್ಲಿ ಅಶೀಮ್ ದನಿ ಹೇಗೆ ಇದೆ ಎಂಬುದನ್ನು ಗಮನಿಸಿ. ಅದನ್ನು ಎತ್ತಿ ಪೀಠದ ಮೇಲೆ ಕೂರಿಸಿಲ್ಲ. ಅವರು ಬದುಕಿದ್ದಾಗ ಎಲ್ಲಿ ಇರುತ್ತಿತ್ತೋ ಅಲ್ಲೇ ಇದೆ, ಉಳಿದ ಮೂವರ ನಡುವೆ, ತಬಲಾದ ಪಕ್ಕದಲ್ಲಿ. ಗಿಟಾರ್ ಮಾತು ಶುರು ಮಾಡುತ್ತದೆ, ಬೇಸ್ ಹೂಂಗುಟ್ಟುತ್ತದೆ, ಅವರು ತಮ್ಮ ಸರದಿಗೆ ಕಾಯುತ್ತಾರೆ. ಕೇಳುತ್ತಾ ಹೋದರೆ ಒಬ್ಬರು ಇಲ್ಲ ಎಂಬುದು ಮರೆತೇ ಹೋಗುತ್ತದೆ. ಹಾಡು ಮುಗಿದ ಮೇಲೆ ನೆನಪಾಗುತ್ತದೆ. ಆಗ ಆಗುವ ಸಂಕಟ ಇದೆಯಲ್ಲ, ಅದನ್ನು ಯಾವ ಶ್ರದ್ಧಾಂಜಲಿ ಗೀತೆಯೂ ತರಲಾರದು.

ನನಗನ್ನಿಸುವುದು ಇಷ್ಟು. ಜನ ನಿರೀಕ್ಷಿಸಿದ್ದು ಇನ್ನೊಂದು 'ಕಂದೀಸಾ'. ತಂಡ ಕೊಟ್ಟದ್ದು 'ಕಂದೀಸಾ' ಹುಟ್ಟಿದ ಮನೆಯನ್ನು. ಹಣ್ಣು ಚೆನ್ನಾಗಿದೆ ಎಂದವರನ್ನು ತೋಟಕ್ಕೆ ಕರೆದುಕೊಂಡು ಹೋದ ಹಾಗೆ. ಗೆದ್ದ ಹಾಡನ್ನು ಮತ್ತೆ ಮಾಡುವುದು ಕಷ್ಟವಲ್ಲ, ನಮ್ಮ ಸಿನಿಮಾ ಮಂದಿ ದಿನಾ ಮಾಡುತ್ತಾರೆ. ಆ ಹಾಡನ್ನು ಹುಟ್ಟಿಸಿದ ಅಭ್ಯಾಸವನ್ನು, ಗೆದ್ದ ಮೇಲೂ ಒಬ್ಬರನ್ನು ಕಳೆದುಕೊಂಡ ಮೇಲೂ ಬಿಡದೆ ಇರುವುದು ಕಷ್ಟ. ಆ ಲೆಕ್ಕದಲ್ಲಿ ಈ ಆಲ್ಬಮ್ ನಿರೀಕ್ಷೆಯನ್ನು ಮುಟ್ಟಿತು ಎಂದು ಧೈರ್ಯವಾಗಿ ಹೇಳಬಹುದು. ಅದಕ್ಕೆ ಆ ವಿಳಾಸವೇ ಸರಿಯಾದ ಹೆಸರು ಕೂಡ.

ಆಮೇಲಿನ ಕಥೆಯನ್ನೂ ಹೇಳಿಬಿಡುತ್ತೇನೆ. ಜೈದೀಪ್ ವರ್ಮಾ ನಿರ್ದೇಶನದ, ಈ ತಂಡದ ಕುರಿತ 'ಲೀವಿಂಗ್ ಹೋಮ್' ಸಾಕ್ಷ್ಯಚಿತ್ರ 2010ರಲ್ಲಿ ಚಿತ್ರಮಂದಿರಗಳಲ್ಲೇ ತೆರೆಕಂಡಿತು. ಅಶೀಮ್ ಜಾಗಕ್ಕೆ ಹಾಡಲು ಹಿಮಾಂಶು ಜೋಶಿ ಬಂದರು, ತಬಲಾಗೆ ತುಹೀನ್ ಚಕ್ರವರ್ತಿ ಬಂದರು. ನೋಡಿ, ಒಬ್ಬರು ಎದ್ದುಹೋದ ಜಾಗ ತುಂಬಲು ಇಬ್ಬರು ಬೇಕಾಯಿತು! 2013ರಲ್ಲಿ ಸುಷ್ಮಿತ್ ಸೇನ್ ತಂಡ ಬಿಟ್ಟರು, ಗಿಟಾರಿಗೆ ನಿಖಿಲ್ ರಾವ್ ಬಂದರು. 2014ರಲ್ಲಿ ಶಂಕರ್ ಮಹಾದೇವನ್, ಶುಭಾ ಮುದ್ಗಲ್ ಮುಂತಾದವರು ಜೊತೆಗೂಡಿದ 'ತಂದಾನು' ಬಂತು. 2023ರಲ್ಲಿ 'ತೂ ಹೈ'. ತಂಡ ಕಟ್ಟಿದ ಇಬ್ಬರೂ ಇಲ್ಲದ ತಂಡವನ್ನು ಅದೇ ತಂಡ ಎನ್ನಬಹುದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಒಂದು ಯಕ್ಷಗಾನ ಮೇಳದ ಭಾಗವತರು ಬದಲಾದ ಮಾತ್ರಕ್ಕೆ ಮೇಳ ನಿಂತುಹೋಗುವುದನ್ನು ನಾವು ಕಂಡಿಲ್ಲ. ಹಳೆಯವರ ದನಿ ಕೇಳಿ ಬೆಳೆದವರು ಹೊಸಬರನ್ನು ಅಳೆಯುತ್ತಾರೆ, ಅಳೆಯುತ್ತಲೇ ರಾತ್ರಿಯಿಡೀ ಕೂತು ಆಟ ನೋಡುತ್ತಾರೆ.

ಕೊನೆಗೆ ನಿಮಗೊಂದು ಕೆಲಸ. ಈ ವಾರ ಬಿಡುವು ಮಾಡಿಕೊಂಡು ಮೊದಲು 'ಕಂದೀಸಾ', ಆಮೇಲೆ '16/330 ಖಜೂರ್ ರೋಡ್' ಎರಡನ್ನೂ ಸಾಲಾಗಿ ಕೇಳಿ. ಲೋಕಲ್ ರೈಲಿನ ಗದ್ದಲದಲ್ಲಿ ಬೇಡ, ರಾತ್ರಿ ಊಟವಾದ ಮೇಲೆ, ಮಕ್ಕಳು ಮಲಗಿದ ಮೇಲೆ. ಕೇಳುವಾಗ ನಿಮ್ಮದೂ ಅಂಥ ಒಂದು ವಿಳಾಸ ಇತ್ತೇ ಎಂದು ನೆನಪು ಮಾಡಿಕೊಳ್ಳಿ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕದ ತಾಲೀಮು ಮಾಡಿದವರಿರಬಹುದು. ದೆಹಲಿ ಕರ್ನಾಟಕ ಸಂಘದಲ್ಲಿ ರಾಜ್ಯೋತ್ಸವಕ್ಕೆ ವೃಂದಗಾನ ಕಲಿತವರಿರಬಹುದು. ಪುಣೆಯ ಬಾಡಿಗೆ ರೂಮಿನಲ್ಲಿ ನಾಲ್ಕು ಜನ ಗೆಳೆಯರು ಸೇರಿ ಗಿಟಾರ್ ಕುಟ್ಟಿ ಪಕ್ಕದ ಮನೆಯವರಿಂದ ಬೈಸಿಕೊಂಡದ್ದೂ ಇರಬಹುದು. ಪರಊರಿನಲ್ಲಿ ನಮ್ಮ ಹಾಡು ಉಳಿದದ್ದು ಅಂಥ ಜಾಗಗಳಲ್ಲಿಯೇ.

ಆ ವಿಳಾಸವನ್ನೂ, ಅಲ್ಲಿ ನಿಮ್ಮ ಜೊತೆ ಹಾಡಿದವರ ನೆನಪನ್ನೂ ನಾಲ್ಕು ಸಾಲು ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳುತ್ತಿರಿ.